ಮನೆಪಾಠಕ್ಕೆ ಕೊಡುವ ದುಡ್ಡಿಗೂ ಒಂದು ಲೆಕ್ಕ ಇರಲಿ

(ಸ್ವಸಹಾಯ ಸಂಘಗಳ ಸದಸ್ಯೆಯರ ಮಾಸಿಕ ಸಭೆಯಲ್ಲಿ ನೀಡಿದ ಮಾಹಿತಿ ಭಾಷಣದ ಬರಹ ರೂಪ)



ಸಂಘದಲ್ಲಿ ನಾವು ಸಾಲ ಯಾತಕ್ಕೆಲ್ಲ ತಗೊಳ್ತೀವಿ ಅಂತ ಒಮ್ಮೆ ಯೋಚನೆ ಮಾಡಿ. ಹಸು ತರೋದಕ್ಕೆ, ಹೊಲಿಗೆ ಯಂತ್ರಕ್ಕೆ, ಮನೆ ಚಾವಣಿಗೆ, ಆಸ್ಪತ್ರೆ ಖರ್ಚಿಗೆ. ಇತ್ತೀಚೆಗೆ ಇನ್ನೊಂದು ಕಾರಣ ನಮ್ಮ ಪುಸ್ತಕಗಳಲ್ಲಿ ಹೆಚ್ಚಾಗಿ ಕಾಣಿಸ್ತಾ ಇದೆ. ಅದು ಮಕ್ಕಳ ಟ್ಯೂಷನ್. ಹಸು ತರುವಾಗ ನಾವು ಹಲ್ಲು ನೋಡ್ತೀವಿ, ಕೆಚ್ಚಲು ನೋಡ್ತೀವಿ, ಎಷ್ಟು ಲೀಟರ್ ಕೊಡುತ್ತೆ ಅಂತ ಎರಡು ಹೊತ್ತು ನಿಂತು ಕರೆಸಿ ನೋಡ್ತೀವಿ. ಟ್ಯೂಷನ್‌ಗೆ ದುಡ್ಡು ಕೊಡುವಾಗ ಮಾತ್ರ ಏನನ್ನೂ ಕೇಳುವುದಿಲ್ಲ. "ನಮಗೆ ಓದು ಬರಲ್ಲ, ನಾವೇನು ಕೇಳೋದು?" ಅಂತ ಸುಮ್ಮನಾಗಿಬಿಡ್ತೀವಿ. ಓದು ಬಾರದ ತಾಯಿಯೂ ಟ್ಯೂಷನ್ ಸರಿಯಾಗಿ ನಡೀತಾ ಇದೆಯೋ ಇಲ್ಲವೋ ಅಂತ ತಿಳಿದುಕೊಳ್ಳಬಹುದು. ಅದು ಹೇಗೆ ಅನ್ನುವುದೇ ಇವತ್ತಿನ ನನ್ನ ಮಾತು.

ಇದಕ್ಕೆ ಉದಾಹರಣೆಯಾಗಿ ಒಂದು ಪರೀಕ್ಷೆಯನ್ನು ತೆಗೆದುಕೊಳ್ಳೋಣ. ನಮ್ಮಂಥ ಕುಟುಂಬಗಳ ಮಕ್ಕಳಿಗಾಗಿಯೇ ಇರುವ ಪರೀಕ್ಷೆ ಅದು. ಅದರ ಹೆಸರು ಎನ್‌ಎಂಎಂಎಸ್.

ಏನಿದು ಎನ್‌ಎಂಎಂಎಸ್?

ಇದು ಕೇಂದ್ರ ಸರ್ಕಾರದ ವಿದ್ಯಾರ್ಥಿವೇತನ ಯೋಜನೆ. 2008ರಲ್ಲಿ ಶುರುವಾಯಿತು. ಎಂಟನೇ ತರಗತಿ ಆದಮೇಲೆ ಬಡತನದ ಕಾರಣಕ್ಕೆ ಮಕ್ಕಳು ಶಾಲೆ ಬಿಡಬಾರದು ಅನ್ನುವುದು ಇದರ ಉದ್ದೇಶ. ಸರ್ಕಾರಿ ಶಾಲೆ, ಅನುದಾನಿತ ಶಾಲೆ ಮತ್ತು ಸ್ಥಳೀಯ ಸಂಸ್ಥೆಗಳ ಶಾಲೆಯಲ್ಲಿ ಎಂಟನೇ ತರಗತಿ ಓದುವ ಮಕ್ಕಳು ಬರೆಯಬಹುದು. ಖಾಸಗಿ ಶಾಲೆಯ ಮಕ್ಕಳಿಗೆ, ನವೋದಯ, ಕೇಂದ್ರೀಯ ವಿದ್ಯಾಲಯದ ಮಕ್ಕಳಿಗೆ, ಊಟ ವಸತಿ ಕೊಟ್ಟು ಓದಿಸುವ ಸರ್ಕಾರಿ ವಸತಿ ಶಾಲೆಯ ಮಕ್ಕಳಿಗೆ ಇದು ಇಲ್ಲ. ತಂದೆ ತಾಯಿಯ ಒಟ್ಟು ವಾರ್ಷಿಕ ಆದಾಯ 3,50,000 ರೂಪಾಯಿ ಮೀರಿರಬಾರದು. ಮಗು ಏಳನೇ ತರಗತಿಯಲ್ಲಿ ಶೇಕಡಾ 55 ಅಂಕ ಪಡೆದಿರಬೇಕು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದ ಮಕ್ಕಳಿಗೆ ಶೇಕಡಾ 50 ಸಾಕು.

ಆಯ್ಕೆಯಾದ ಮಗುವಿಗೆ ವರ್ಷಕ್ಕೆ 12,000 ರೂಪಾಯಿ ಬರುತ್ತದೆ. ಒಂಬತ್ತರಿಂದ ಹನ್ನೆರಡನೇ ತರಗತಿವರೆಗೆ, ಅಂದರೆ ದ್ವಿತೀಯ ಪಿಯುಸಿವರೆಗೆ ನಾಲ್ಕು ವರ್ಷ. ಒಟ್ಟು 48,000 ರೂಪಾಯಿ. ದುಡ್ಡು ನೇರವಾಗಿ ಮಗುವಿನ ಬ್ಯಾಂಕ್ ಖಾತೆಗೆ ಬರುತ್ತದೆ. "ಪಿಯುಸಿಗೆ ಕಳಿಸೋದಕ್ಕೆ ಬಸ್ ಚಾರ್ಜ್ ಎಲ್ಲಿಂದ ತರೋದು, ಮದುವೆ ಮಾಡಿಬಿಡೋಣ" ಅನ್ನುವ ಮಾತು ಎಷ್ಟು ಮನೆಗಳಲ್ಲಿ ಬಂದಿಲ್ಲ? ಅಂಥ ಮನೆಯ ಹುಡುಗಿಗೆ ತಿಂಗಳಿಗೆ ಸಾವಿರ ರೂಪಾಯಿ ತನ್ನ ಹೆಸರಿನಲ್ಲೇ ಬರುವುದು ಸಣ್ಣ ವಿಷಯವಲ್ಲ.

ಪರೀಕ್ಷೆಯಲ್ಲಿ ಎರಡು ಪತ್ರಿಕೆ. ಒಂದು ಬುದ್ಧಿಶಕ್ತಿಯದು. ಸಂಖ್ಯಾ ಸರಣಿ, ಗುಂಪಿಗೆ ಸೇರದ ಪದ, ಚಿತ್ರದೊಳಗೆ ಅಡಗಿದ ಆಕೃತಿ, ಈ ಥರದ ಪ್ರಶ್ನೆಗಳು. ಇನ್ನೊಂದು ಪಾಠದ್ದು. ಏಳು ಮತ್ತು ಎಂಟನೇ ತರಗತಿಯ ವಿಜ್ಞಾನ, ಸಮಾಜ, ಗಣಿತ. ಒಂದೊಂದರಲ್ಲೂ 90 ಪ್ರಶ್ನೆ, 90 ನಿಮಿಷ. ಪ್ರಶ್ನೆಗೆ ಒಂದೇ ನಿಮಿಷ! ಕೊಟ್ಟಿರುವ ನಾಲ್ಕು ಉತ್ತರಗಳಲ್ಲಿ ಸರಿಯಾದದ್ದನ್ನು ಆರಿಸಿ ಓಎಂಆರ್ ಹಾಳೆಯಲ್ಲಿ ಗುಂಡಿಯನ್ನು ಕಪ್ಪು ಮಾಡಬೇಕು. ಎರಡೂ ಸೇರಿ 180 ಅಂಕಕ್ಕೆ ಶೇಕಡಾ 40, ಅಂದರೆ 72 ಅಂಕ ಬಂದರೆ ಅರ್ಹತೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇಕಡಾ 32.

ಆದರೆ ಅರ್ಹತೆ ಬಂದವರಿಗೆಲ್ಲ ದುಡ್ಡು ಸಿಗುವುದಿಲ್ಲ. ದೇಶಕ್ಕೆಲ್ಲ ವರ್ಷಕ್ಕೆ ಒಂದು ಲಕ್ಷ ವಿದ್ಯಾರ್ಥಿವೇತನ. ಅದರಲ್ಲಿ ಕರ್ನಾಟಕದ ಪಾಲು 5,534. ಹೆಚ್ಚು ಅಂಕ ಬಂದವರಿಂದ ಮೀಸಲಾತಿ ನಿಯಮದ ಪ್ರಕಾರ ಆಯ್ಕೆ ನಡೆಯುತ್ತದೆ. ಹಾಗಾಗಿ ಒಂದೊಂದು ಅಂಕಕ್ಕೂ ಬೆಲೆ ಇದೆ. "ಟ್ಯೂಷನ್ ಕೊಡಿಸೋಣ" ಅನ್ನುವ ಮಾತು ಬರುವುದು ಇಲ್ಲಿಯೇ.

ಟ್ಯೂಷನ್ ಅಂದರೆ ಇನ್ನೊಂದು ಶಾಲೆಯಲ್ಲ

ಬಹಳ ಕಡೆ ಟ್ಯೂಷನ್ ಹೇಗೆ ನಡೆಯುತ್ತದೆ? ಮೂವತ್ತು ನಲವತ್ತು ಮಕ್ಕಳು ಕೂರುತ್ತಾರೆ. ಶಾಲೆಯಲ್ಲಿ ಬೆಳಿಗ್ಗೆ ಆದ ಪಾಠವನ್ನೇ ಸಂಜೆ ಇನ್ನೊಮ್ಮೆ ಹೇಳುತ್ತಾರೆ. ಮಕ್ಕಳು ನೋಟ್ಸ್ ಬರೆದುಕೊಳ್ಳುತ್ತಾರೆ. ಬೆಳಿಗ್ಗೆ ಅರ್ಥವಾದ ಮಗುವಿಗೆ ಸಂಜೆಯೂ ಅರ್ಥವಾಗುತ್ತದೆ. ಬೆಳಿಗ್ಗೆ ಅರ್ಥವಾಗದ ಮಗುವಿಗೆ ಸಂಜೆಯೂ ಅರ್ಥವಾಗುವುದಿಲ್ಲ. ದುಡ್ಡು ಮಾತ್ರ ಇಬ್ಬರ ಮನೆಯಿಂದಲೂ ಹೋಗುತ್ತದೆ.

ಮನೆಪಾಠದ ಟೀಚರ್‌ಗೆ ನಾವು ದುಡ್ಡು ಕೊಡುವುದು ಮಗುವಿನ ತಪ್ಪನ್ನು ಹುಡುಕುವುದಕ್ಕೆ. ಒಂದು ಲೆಕ್ಕ ಹೇಳ್ತೀನಿ, ಕೇಳಿ.

500 ರೂಪಾಯಿಯ ಸೀರೆಗೆ ಶೇಕಡಾ 20 ರಿಯಾಯಿತಿ. ಹಾಗಾದರೆ ಎಷ್ಟು ಕೊಡಬೇಕು? ಸಂತೆಗೆ ಹೋಗುವ ನಿಮಗೆಲ್ಲ ಗೊತ್ತು, 400 ರೂಪಾಯಿ. ಒಂದು ಮಗು 480 ಅಂತ ಗುರುತು ಹಾಕಿತು. ಇನ್ನೊಂದು ಮಗು 100 ಅಂತ ಗುರುತು ಹಾಕಿತು. ಇಬ್ಬರದೂ ತಪ್ಪು, ಇಬ್ಬರಿಗೂ ಸೊನ್ನೆ. ಆದರೆ ಎರಡೂ ಒಂದೇ ಥರದ ತಪ್ಪೇ? ಅಲ್ಲ. 480 ಅಂದ ಮಗು 500ರಿಂದ 20 ರೂಪಾಯಿ ಕಳೆದುಬಿಟ್ಟಿದೆ. ಅದಕ್ಕೆ ಶೇಕಡಾ ಅಂದರೆ 'ನೂರಕ್ಕೆ ಇಷ್ಟು' ಅನ್ನುವುದೇ ಗೊತ್ತಾಗಿಲ್ಲ. 100 ಅಂದ ಮಗುವಿಗೆ ಲೆಕ್ಕ ಬರುತ್ತದೆ. ಅದು ರಿಯಾಯಿತಿ ಎಷ್ಟು ಅಂತ ಸರಿಯಾಗಿಯೇ ಕಂಡುಹಿಡಿದಿದೆ. ಪ್ರಶ್ನೆ ಕೇಳಿದ್ದು 'ಎಷ್ಟು ಕೊಡಬೇಕು' ಅಂತ ಎನ್ನುವುದನ್ನು ಕೊನೆವರೆಗೆ ಓದಿಲ್ಲ.

ಮೊದಲನೇ ಮಗುವಿಗೆ ಕಾಳೋ ಕಡ್ಡಿಯೋ ಇಟ್ಟು ಶೇಕಡಾ ಲೆಕ್ಕವನ್ನು ಬುಡದಿಂದ ಕಲಿಸಬೇಕು. ಎರಡನೇ ಮಗುವಿಗೆ ಅದನ್ನೇ ಕಲಿಸಿದರೆ ಸಮಯ ದಂಡ. ಅದಕ್ಕೆ ಪ್ರಶ್ನೆಯ ಕೊನೆಯ ಸಾಲಿಗೆ ಗೆರೆ ಎಳೆಯುವ ಅಭ್ಯಾಸ ಮಾಡಿಸಬೇಕು. ನಲವತ್ತು ಮಕ್ಕಳಿರುವ ತರಗತಿಯಲ್ಲಿ ಇದನ್ನು ಗಮನಿಸುವುದು ಶಾಲೆಯ ಟೀಚರ್‌ಗೆ ಕಷ್ಟ. ನಾಲ್ಕೈದು ಮಕ್ಕಳನ್ನು ಕೂರಿಸಿಕೊಂಡ ಮನೆಪಾಠದ ಟೀಚರ್ ಇದನ್ನು ಮಾಡಬಹುದು, ಮಾಡಲೇಬೇಕು. ಇದನ್ನು ಮಾಡದಿದ್ದರೆ ಆ ಟ್ಯೂಷನ್‌ಗೂ ಶಾಲೆಗೂ ವ್ಯತ್ಯಾಸವೇ ಇಲ್ಲ.

ತಪ್ಪುಗಳಲ್ಲಿ ಮೂರು ಜಾತಿ ಅಂತ ನೆನಪಿಟ್ಟುಕೊಳ್ಳಿ. ಒಂದು, ಗೊತ್ತಿಲ್ಲದೆ ತಪ್ಪಿದ್ದು. ಎರಡು, ಗೊತ್ತಿದ್ದೂ ಅವಸರದಲ್ಲಿ ತಪ್ಪಿದ್ದು. ಮೂರು, ಸಮಯ ಸಾಲದೆ ಬಿಟ್ಟದ್ದು. ಮೊದಲನೆಯದಕ್ಕೆ ಪಾಠ ಬೇಕು. ಎರಡನೆಯದಕ್ಕೆ ನಿಧಾನ ಬೇಕು. ಮೂರನೆಯದಕ್ಕೆ ಗಡಿಯಾರ ಇಟ್ಟು ಅಭ್ಯಾಸ ಬೇಕು. ಜ್ವರಕ್ಕೂ ಬೇಧಿಗೂ ಒಂದೇ ಮಾತ್ರೆ ಕೊಡುವ ಡಾಕ್ಟರ್ ಹತ್ತಿರ ನಾವು ಹೋಗ್ತೀವಾ?

ಮನೆಪಾಠದವರನ್ನು ಗೊತ್ತು ಮಾಡುವ ಮೊದಲು

ದುಡ್ಡು ಕೊಡುವ ಮೊದಲು ನಾಲ್ಕು ಪ್ರಶ್ನೆ ಕೇಳಿ. ಕೇಳುವುದಕ್ಕೆ ಸಂಕೋಚ ಬೇಡ.

1. ಮೊದಲನೇ ವಾರ ಏನು ಮಾಡ್ತೀರಿ? ಒಳ್ಳೆಯ ಟೀಚರ್ ಆದರೆ "ಹಳೆಯ ಪ್ರಶ್ನೆಪತ್ರಿಕೆ ಒಂದನ್ನು ಬರೆಸಿ, ಮಗು ಎಲ್ಲಿ ತಪ್ಪುತ್ತೆ ಅಂತ ನೋಡ್ತೀನಿ" ಅನ್ನುತ್ತಾರೆ. "ಮೊದಲನೇ ಪಾಠದಿಂದ ಶುರು ಮಾಡ್ತೀನಿ" ಅಂದರೆ ಸ್ವಲ್ಪ ಯೋಚನೆ ಮಾಡಿ.

2. ಒಂದು ಗುಂಪಿನಲ್ಲಿ ಎಷ್ಟು ಮಕ್ಕಳು? ಐದಾರು ಮಕ್ಕಳಾದರೆ ಒಬ್ಬೊಬ್ಬರ ಪುಸ್ತಕ ನೋಡಬಹುದು. ಇಪ್ಪತ್ತೈದು ದಾಟಿದರೆ ಅದು ಇನ್ನೊಂದು ತರಗತಿಯೇ.

3. ತಪ್ಪಾದ ಪ್ರಶ್ನೆಗಳಿಗೆ ಬೇರೆ ಪುಸ್ತಕ ಇಡಿಸ್ತೀರಾ? ಇದು ಬಹಳ ಮುಖ್ಯ. ತಪ್ಪಾದ ಪ್ರಶ್ನೆ, ಮಗು ಕೊಟ್ಟ ಉತ್ತರ, ಸರಿ ಉತ್ತರ, ಯಾಕೆ ತಪ್ಪಾಯಿತು, ಈ ನಾಲ್ಕನ್ನೂ ಮಗುವೇ ಬರೆಯಬೇಕು. ವಾರ ಬಿಟ್ಟು ಅದೇ ಪ್ರಶ್ನೆಯನ್ನು ಮತ್ತೆ ಮಾಡಿಸಬೇಕು.

4. ಅಂಕ ಗ್ಯಾರಂಟಿ ಕೊಡ್ತೀರಾ? "ಕೊಡ್ತೀನಿ" ಅಂದರೆ ಅಲ್ಲಿಂದ ಎದ್ದು ಬನ್ನಿ. ಗ್ಯಾರಂಟಿ ಯಾರೂ ಕೊಡಲಾರರು. 2024ರ ಜನವರಿಯಲ್ಲಿ ಕೇಂದ್ರ ಶಿಕ್ಷಣ ಸಚಿವಾಲಯ ಹೊರಡಿಸಿದ ಮಾರ್ಗಸೂಚಿಯಲ್ಲಿ, ಕೋಚಿಂಗ್ ಕೇಂದ್ರಗಳು ರ‍್ಯಾಂಕ್, ಅಂಕ ಗ್ಯಾರಂಟಿ ಅಂತ ಆಸೆ ತೋರಿಸಬಾರದು ಅಂತ ಹೇಳಿದೆ.

ಇನ್ನೊಂದು ವಿಷಯವೂ ತಿಳಿದಿರಲಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ 28ನೇ ಕಲಂ ಪ್ರಕಾರ ಶಾಲೆಯ ಶಿಕ್ಷಕರು ಖಾಸಗಿ ಟ್ಯೂಷನ್ ಮಾಡುವಂತಿಲ್ಲ. "ನನ್ನ ಹತ್ತಿರ ಟ್ಯೂಷನ್‌ಗೆ ಬಂದರೇನೇ ಪಾಸು" ಅಂತ ಯಾರಾದರೂ ಮಗುವಿಗೆ ಹೇಳಿದರೆ ಹೆದರಬೇಡಿ. ಒಬ್ಬರೇ ಹೋಗಿ ಜಗಳ ಮಾಡುವುದೂ ಬೇಡ. ನಾಲ್ಕು ಜನ ತಾಯಂದಿರು ಸೇರಿ ಶಾಲಾಭಿವೃದ್ಧಿ ಸಮಿತಿ, ಅಂದರೆ ಎಸ್‌ಡಿಎಂಸಿ ಸಭೆಯಲ್ಲಿ ವಿಷಯ ಇಡಿ. ಅದೇ ವೇಳೆ, ದುಡ್ಡು ತಗೊಳ್ಳದೆ ಶಾಲೆಯಲ್ಲೇ ಸಂಜೆ ಹೊತ್ತು ಎನ್‌ಎಂಎಂಎಸ್ ಅಭ್ಯಾಸ ಮಾಡಿಸುವ ಶಿಕ್ಷಕರೂ ಇದ್ದಾರೆ. ಮೊದಲು ಅವರನ್ನು ಹುಡುಕಿ. ಶಾಲೆಯಲ್ಲೇ ಸಿಗುವುದನ್ನು ಹೊರಗೆ ದುಡ್ಡು ಕೊಟ್ಟು ಯಾಕೆ ತರಬೇಕು?

"ನಮ್ಮೂರಲ್ಲಿ ಹೇಳಿಕೊಡೋರು ಎಲ್ಲಿದ್ದಾರೆ?"

ಈ ಪ್ರಶ್ನೆ ಬರುತ್ತೆ ಅಂತ ನನಗೆ ಗೊತ್ತು. ಇದಕ್ಕೆ ಬೇರೆ ಊರಿನ ಒಂದು ಅನುಭವ ಹೇಳ್ತೀನಿ.

ಪ್ರಥಮ್ ಅನ್ನುವ ಸಂಸ್ಥೆ ಮುಂಬಯಿ ಮತ್ತು ಗುಜರಾತಿನ ವಡೋದರದ ಸರ್ಕಾರಿ ಶಾಲೆಗಳಲ್ಲಿ 'ಬಾಲಸಖಿ' ಅನ್ನುವ ಕಾರ್ಯಕ್ರಮ ನಡೆಸಿತು. ಬಾಲಸಖಿ ಅಂದರೆ ಮಗುವಿನ ಗೆಳತಿ. ಅವರು ಸಂಬಳದ ಶಿಕ್ಷಕರಲ್ಲ. ಅದೇ ಬೀದಿಯ, ಹೈಸ್ಕೂಲು ಮುಗಿಸಿದ ಹೆಣ್ಣುಮಕ್ಕಳು. ಎರಡು ವಾರದ ತರಬೇತಿ. ತಿಂಗಳಿಗೆ 500ರಿಂದ 750 ರೂಪಾಯಿ ಗೌರವಧನ. ಮೂರು, ನಾಲ್ಕನೇ ತರಗತಿಯಲ್ಲಿ ಹಿಂದುಳಿದ 15-20 ಮಕ್ಕಳನ್ನು ದಿನಕ್ಕೆ ಎರಡು ಗಂಟೆ ಬೇರೆ ಕೂರಿಸಿಕೊಂಡು, ಆ ಮಕ್ಕಳಿಗೆ ಎಲ್ಲಿಂದ ಬರುವುದಿಲ್ಲವೋ ಅಲ್ಲಿಂದ ಓದು, ಲೆಕ್ಕ ಕಲಿಸಿದರು.

2001ರಿಂದ 2003ರವರೆಗೆ ಇದನ್ನು ಅರ್ಥಶಾಸ್ತ್ರಜ್ಞರು ಪರೀಕ್ಷೆ ಮಾಡಿ ನೋಡಿದರು. ಅವರಲ್ಲಿ ಅಭಿಜಿತ್ ಬ್ಯಾನರ್ಜಿ ಮತ್ತು ಎಸ್ತರ್ ಡುಫ್ಲೊ ಇದ್ದರು. 2019ರಲ್ಲಿ ನೊಬೆಲ್ ಪ್ರಶಸ್ತಿ ಪಡೆದವರು ಇವರೇ. ಬಾಲಸಖಿ ಇದ್ದ ಶಾಲೆಗಳಲ್ಲಿ ಮಕ್ಕಳ ಪರೀಕ್ಷೆಯ ಅಂಕ ಏರಿತ್ತು. ಏರಿದ್ದು ಮುಖ್ಯವಾಗಿ ಬಾಲಸಖಿಯ ಹತ್ತಿರ ಕಲಿತ ಮಕ್ಕಳದು. ಉಳಿದ ಮಕ್ಕಳ ತರಗತಿ ಚಿಕ್ಕದಾಗಿದ್ದರೂ ಅವರ ಅಂಕ ಅಷ್ಟಾಗಿ ಏರಲಿಲ್ಲ. ಅಂದರೆ ಸಂಖ್ಯೆ ಕಡಿಮೆಯಾದರಷ್ಟೇ ಸಾಲದು, ಮಗು ಇರುವ ಜಾಗದಿಂದ ಕಲಿಸಬೇಕು. ಇನ್ನೊಂದು ಪಾಠವೂ ಇದೆ. ಕಾರ್ಯಕ್ರಮ ಮುಗಿದು ಒಂದು ವರ್ಷ ಆಗುವಷ್ಟರಲ್ಲಿ ಲಾಭ ಬಹಳಷ್ಟು ಕರಗಿತ್ತು. ನೀರು ಹಾಕುವುದು ನಿಲ್ಲಿಸಿದರೆ ಗಿಡ ಬಾಡುತ್ತದೆ, ಅಷ್ಟೇ.

ನಮ್ಮ ಊರುಗಳಲ್ಲೂ ಪಿಯುಸಿ, ಡಿಗ್ರಿ ಮುಗಿಸಿ ಮನೆಯಲ್ಲಿರುವ ಹೆಣ್ಣುಮಕ್ಕಳು, ಸೊಸೆಯಂದಿರು ಇದ್ದಾರೆ. ಎಂಟನೇ ತರಗತಿಯ ಗಣಿತ, ವಿಜ್ಞಾನಕ್ಕೆ ಆ ವಿಷಯ ಓದಿದವರೇ ಬೇಕು. ಅಂಥವರನ್ನು ಹುಡುಕಿದರೆ ಮಕ್ಕಳಿಗೆ ಪಾಠವೂ ಆಯಿತು, ಆ ಹುಡುಗಿಗೆ ಕೈಗೆ ನಾಲ್ಕು ಕಾಸೂ ಆಯಿತು. ಪಾಠಕ್ಕೆ ಸಂಘ ಸೇರುವ ಜಾಗವೇ ಸಾಕು. ಗ್ರಾಮ ಪಂಚಾಯ್ತಿಯ ಗ್ರಂಥಾಲಯವನ್ನೂ ಕೇಳಿ ನೋಡಬಹುದು.

ಸಂಘದ ಲೆಕ್ಕ

ಒಬ್ಬ ತಾಯಿ ಒಂದು ಮಗುವಿಗೆ ಮನೆಪಾಠ ಇಡಿಸಿದರೆ ಭಾರ. ಐದು ಜನ ಸೇರಿದರೆ ಹಗುರ. ಲೆಕ್ಕಕ್ಕೆ ಒಂದು ಉದಾಹರಣೆ ನೋಡಿ. ಟೀಚರ್‌ಗೆ ತಿಂಗಳಿಗೆ 3,000 ರೂಪಾಯಿ ಅಂತ ಇಟ್ಟುಕೊಳ್ಳಿ. ಐದು ಮಕ್ಕಳಾದರೆ ತಲೆಗೆ 600. ಐದು ತಿಂಗಳಿಗೆ ಒಬ್ಬರಿಗೆ 3,000. ಇಷ್ಟನ್ನೂ ಮೊದಲೇ ಒಟ್ಟಿಗೆ ಸಾಲ ತೆಗೆದು ಕೈಗೆ ಕೊಟ್ಟುಬಿಡಬೇಡಿ. ತಿಂಗಳು ತಿಂಗಳು ಕೊಡಿ. ಪಾಠ ಸರಿ ಇಲ್ಲ ಅಂದರೆ ಎರಡನೇ ತಿಂಗಳಿಗೇ ನಿಲ್ಲಿಸುವ ಸ್ವಾತಂತ್ರ್ಯ ನಿಮಗಿರುತ್ತದೆ. ಟ್ಯೂಷನ್ ಸಲುವಾಗಿ ಹೊರಗಿನ ವಾರದ ಕಂತಿನ ಸಾಲಕ್ಕೆ ಕೈ ಹಾಕುವುದಂತೂ ಬೇಡವೇ ಬೇಡ.

ಇಲ್ಲಿ ಒಂದು ಮಾತು ನೇರವಾಗಿ ಹೇಳಬೇಕು. "3,000 ಹಾಕಿದರೆ 48,000 ಬರುತ್ತೆ" ಅಂತ ಲಾಟರಿ ಥರ ಲೆಕ್ಕ ಹಾಕಬೇಡಿ. ಐದು ಮಕ್ಕಳಲ್ಲಿ ಒಬ್ಬರಿಗೂ ಸಿಗದೇ ಹೋಗಬಹುದು. ಹಾಗಾದರೆ ದುಡ್ಡು ನೀರಲ್ಲಿ ಹೋಮವೇ? ಸೀರೆಯ ಲೆಕ್ಕದಲ್ಲಿ ತಪ್ಪಿದ ಮಗು ಶೇಕಡಾ ಅಂದರೇನು ಅಂತ ಕಲಿತಿದ್ದರೆ, ಆ ಕಲಿಕೆ ಎಸ್‌ಎಸ್‌ಎಲ್‌ಸಿಗೂ ಬರುತ್ತದೆ, ನಾಳೆ ಸಂಘದ ಬಡ್ಡಿ ಲೆಕ್ಕಕ್ಕೂ ಬರುತ್ತದೆ. ಉತ್ತರ ಬಾಯಿಪಾಠ ಮಾಡಿಸಿದ ಟ್ಯೂಷನ್ ಆದರೆ ಪರೀಕ್ಷೆಯ ಮಾರನೇ ದಿನಕ್ಕೆ ಏನೂ ಉಳಿದಿರುವುದಿಲ್ಲ. ವಿದ್ಯಾರ್ಥಿವೇತನ ಬಾರದಿದ್ದರೂ ಉಳಿಯುವಂಥ ಕಲಿಕೆಗೆ ಮಾತ್ರ ದುಡ್ಡು ಕೊಡಿ.

ಇನ್ನೊಂದು ಮಾತು. ಮನೆಯಲ್ಲಿ ಗಂಡು ಮಗುವಿಗೆ ಟ್ಯೂಷನ್, ಹೆಣ್ಣು ಮಗುವಿಗೆ ಪಾತ್ರೆ ತೊಳೆಯುವ ಕೆಲಸ, ಇದು ಬೇಡ. ಸಾಲ ತೀರಿಸುವವರು ನಾವು ಹೆಂಗಸರು. ಆ ಸಾಲದಲ್ಲಿ ನಮ್ಮ ಹೆಣ್ಣುಮಕ್ಕಳಿಗೆ ಪಾಲಿಲ್ಲ ಅಂದರೆ ಅದು ನ್ಯಾಯವೇ? ಗುಂಪಿಗೆ ಮಕ್ಕಳನ್ನು ಆರಿಸುವಾಗಲೇ ಇದನ್ನು ನಿರ್ಣಯ ಪುಸ್ತಕದಲ್ಲಿ ಬರೆದುಕೊಳ್ಳಿ.

ಓದು ಬಾರದ ತಾಯಿ ಏನು ಮಾಡಬಹುದು?

ಬ್ಯಾಂಕ್ ಪಾಸ್‌ಬುಕ್ ನೋಡುವುದು ಕಲಿತ ನಮಗೆ ಮಗುವಿನ ತಪ್ಪಿನ ಪುಸ್ತಕ ನೋಡುವುದು ಕಷ್ಟವಲ್ಲ. ವಾರಕ್ಕೊಮ್ಮೆ, ಸಂಘದ ಸಭೆ ದಿನವೇ ಇಟ್ಟುಕೊಳ್ಳಿ, ಪುಸ್ತಕ ತೆಗೆಸಿ. ಈ ವಾರ ಎಷ್ಟು ಪ್ರಶ್ನೆ ಮಾಡಿದೆ? ಎಷ್ಟು ಸರಿ? ಎಷ್ಟು ತಪ್ಪು? ಹೋದ ವಾರ ತಪ್ಪಿದ್ದರಲ್ಲಿ ಎಷ್ಟು ಈಗ ಸರಿ ಬಂತು? ಸರಿ ಗುರುತು, ತಪ್ಪು ಗುರುತು ಎಣಿಸುವುದಕ್ಕೆ ಅಕ್ಷರ ಬೇಕಾಗಿಲ್ಲ. ಪುಸ್ತಕ ಖಾಲಿ ಇದ್ದರೆ, ಅಥವಾ ಎಲ್ಲವೂ ಸರಿ ಗುರುತೇ ಇದ್ದರೆ ಟೀಚರ್ ಹತ್ತಿರ ಹೋಗಿ ಕೇಳಿ. ತಪ್ಪೇ ಇಲ್ಲದ ಪುಸ್ತಕ ಅಂದರೆ ಬೋರ್ಡ್ ಮೇಲಿನದನ್ನು ನೋಡಿ ಬರೆದದ್ದು ಇರಬಹುದು.

ಆಮೇಲೆ ಮಗುವಿಗೆ "ಒಂದು ಲೆಕ್ಕ ನನಗೆ ಹೇಳಿಕೊಡು" ಅನ್ನಿ. 3, 6, 12, 24, ಮುಂದಿನದು ಏನು, ಯಾಕೆ? ಬರೀ "48" ಅಂತ ಹೇಳಿದರೆ ಸಾಲದು. "ಪ್ರತಿ ಸಲ ಎರಡರಷ್ಟು ಆಗ್ತಾ ಹೋಗುತ್ತೆ ಅಮ್ಮ" ಅಂತ ನಿಮಗೆ ಅರ್ಥವಾಗುವ ಹಾಗೆ ಹೇಳಿದರೆ ಮಗುವಿಗೆ ಅರ್ಥವಾಗಿದೆ ಅಂತ ಲೆಕ್ಕ. ತಾಯಿಗೆ ಹೇಳಿಕೊಡುವ ಮಗು ಎರಡು ಸಲ ಕಲಿಯುತ್ತದೆ.

ಪರೀಕ್ಷೆಗೆ ಮುಂಚಿನ ತಿಂಗಳು ಮನೆಯಲ್ಲೇ ಮೂರ‍್ನಾಲ್ಕು ಸಲ ಪೂರ್ತಿ ಪತ್ರಿಕೆ ಬರೆಸಿ. ಗಡಿಯಾರ ನೋಡಿ 90 ನಿಮಿಷಕ್ಕೆ ಪತ್ರಿಕೆ ತಗೊಳ್ಳುವ ಕೆಲಸ ನಿಮ್ಮದು. ಆ ಹೊತ್ತು ಟಿವಿ, ಮೊಬೈಲ್ ಬಂದ್. ನೀರು ತಾ, ಅಂಗಡಿಗೆ ಹೋಗು ಅಂತ ಎಬ್ಬಿಸಬೇಡಿ. ಬರದ ಪ್ರಶ್ನೆಗೆ ಅಂಟಿಕೊಂಡು ಕೂರದೆ ಮುಂದೆ ಹೋಗುವುದು, ಒಂದು ಪ್ರಶ್ನೆ ಬಿಟ್ಟಾಗ ಓಎಂಆರ್ ಹಾಳೆಯಲ್ಲೂ ಅದೇ ಸಾಲು ಬಿಡುವುದು, ಇವೆಲ್ಲ ಕೂತು ಮಾಡಿದರೇ ಬರುವ ಅಭ್ಯಾಸ. ಎಷ್ಟೋ ಮಕ್ಕಳು ಗೊತ್ತಿದ್ದ ಉತ್ತರವನ್ನು ತಪ್ಪು ಸಾಲಿನಲ್ಲಿ ಗುರುತು ಮಾಡಿ ಅಂಕ ಕಳೆದುಕೊಳ್ಳುತ್ತಾರೆ.

ಕಾಗದ ಪತ್ರ ಮರೆಯಬೇಡಿ

ಪರೀಕ್ಷೆಗೆ ಅರ್ಜಿ ಹಾಕುವುದು ಶಾಲೆಯ ಮೂಲಕ. ಶಾಲೆ ಶುರುವಾದ ಕೂಡಲೇ ಮುಖ್ಯ ಶಿಕ್ಷಕರ ಹತ್ತಿರ ಕೊನೆಯ ದಿನಾಂಕದ ಬಗ್ಗೆ ಕೇಳಿಟ್ಟುಕೊಳ್ಳಿ. ಆದಾಯ ಪ್ರಮಾಣ ಪತ್ರ, ಜಾತಿ ಪ್ರಮಾಣ ಪತ್ರ ಮೊದಲೇ ಮಾಡಿಸಿ. ಮಗುವಿನ ಹೆಸರಿನಲ್ಲಿ ಬ್ಯಾಂಕ್ ಖಾತೆ ತೆರೆದು ಆಧಾರ್ ಜೋಡಿಸಿ. ಶಾಲೆ ದಾಖಲೆಯಲ್ಲಿ, ಆಧಾರ್‌ನಲ್ಲಿ, ಬ್ಯಾಂಕಿನಲ್ಲಿ ಹೆಸರು ಒಂದೇ ಥರ ಇರಲಿ.

ಆಯ್ಕೆಯಾದ ಮೇಲೂ ಕೆಲಸ ಇದೆ. ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಬೇಕು, ಪ್ರತಿ ವರ್ಷ ನವೀಕರಣ ಮಾಡಿಸಬೇಕು. ಅದನ್ನು ಬಿಟ್ಟರೆ ಗೆದ್ದ ದುಡ್ಡೂ ಬರುವುದಿಲ್ಲ. ವೇತನ ಮುಂದುವರಿಯಲು ಒಂಬತ್ತು ಮತ್ತು ಹನ್ನೊಂದನೇ ತರಗತಿಯಲ್ಲಿ ಮೊದಲ ಸಲಕ್ಕೇ ಪಾಸಾಗಬೇಕು, ಹತ್ತನೇ ತರಗತಿಯಲ್ಲಿ ಶೇಕಡಾ 60 ಅಂಕ ಬೇಕು. ಪರಿಶಿಷ್ಟ ಜಾತಿ, ಪಂಗಡದವರಿಗೆ ಇದರಲ್ಲೂ ಶೇಕಡಾ 5 ರಿಯಾಯಿತಿ ಇದೆ. ಹಾಗಾಗಿ ಬಾಯಿಪಾಠದ ಗೆಲುವು ಇಲ್ಲಿ ಬಹಳ ದಿನ ಬಾಳುವುದಿಲ್ಲ.

ಕೊನೆಯದಾಗಿ, ಮಗುವಿನ ಮನಸ್ಸಿನ ಬಗ್ಗೆ. ಎಂಟನೇ ತರಗತಿಯ ಮಗುವಿಗೆ ಹದಿಮೂರು ಹದಿನಾಲ್ಕು ವರ್ಷ. "ನಿನಗೋಸ್ಕರ ಸಾಲ ಮಾಡಿದೀನಿ, ಅಂಕ ತರದಿದ್ದರೆ ನೋಡು" ಅನ್ನುವ ಮಾತು ಮಗುವಿನ ತಲೆ ಮೇಲೆ ಕಲ್ಲು ಹೊರಿಸಿದ ಹಾಗೆ. ಹೆದರಿದ ಮಗು ತಪ್ಪನ್ನು ಬಚ್ಚಿಡುತ್ತದೆ. ಬಚ್ಚಿಟ್ಟ ತಪ್ಪನ್ನು ಯಾವ ಟೀಚರ್ ಕೂಡ ತಿದ್ದಲಾರರು. ತಪ್ಪು ತೋರಿಸಿದಾಗ ಬೈಯದ ಮನೆಯಲ್ಲಿ ಮಾತ್ರ ಮನೆಪಾಠ ಫಲ ಕೊಡುತ್ತದೆ. ಫಲಿತಾಂಶ ಬಂದ ದಿನ ಹೆಸರು ಇರಲಿ ಇಲ್ಲದಿರಲಿ, ಮಗುವಿಗೆ ಊಟ ಹಾಕಿ ಹತ್ತಿರ ಕೂರಿಸಿಕೊಳ್ಳಿ.

ಸಹೋದರಿಯರೇ, ಮುಂದಿನ ಸಭೆಗೆ ಬರುವಾಗ ಪ್ರತಿ ಸಂಘವೂ ಮೂರು ವಿಷಯ ತಿಳಿದುಕೊಂಡು ಬನ್ನಿ. ನಮ್ಮ ಸಂಘದ ಸದಸ್ಯರ ಮಕ್ಕಳಲ್ಲಿ ಏಳು, ಎಂಟನೇ ತರಗತಿಯಲ್ಲಿ ಎಷ್ಟು ಜನ ಇದ್ದಾರೆ? ಶಾಲೆಯಲ್ಲಿ ಉಚಿತ ಅಭ್ಯಾಸ ನಡೆಯುತ್ತಿದೆಯೇ? ನಮ್ಮೂರಿನಲ್ಲಿ ಪಾಠ ಹೇಳಬಲ್ಲ ಹೆಣ್ಣುಮಗಳು ಯಾರು? ಇಷ್ಟು ಬರೆದು ತಂದರೆ ಉಳಿದದ್ದನ್ನು ಕೂತು ಮಾತಾಡೋಣ. ಹನಿ ಹನಿ ಸೇರಿದರೆ ಹಳ್ಳ ಅಂತ ಉಳಿತಾಯದಲ್ಲಿ ನಾವು ಮಾಡಿ ತೋರಿಸಿದ್ದೀವಿ. ಮಕ್ಕಳ ಕಲಿಕೆಯಲ್ಲೂ ಅದನ್ನೇ ಮಾಡೋಣ.